ಸವಕಲು ನಾಣ್ಯದ ಸಾಕ್ಷ್ಯ

ಸವಕಲು ನಾಣ್ಯವೆಂಬ ಮಾತಿಗೆ ಲೋಕದಲ್ಲಿ ಹೀನಾರ್ಥವೇ ರೂಢಿಯಾಗಿದೆ. ಹಲವರು ಆಡಿ ಸಪ್ಪೆಯಾದ ಮಾತನ್ನು ಆ ಹೆಸರಿನಿಂದ ಕರೆದು ತಳ್ಳಿಹಾಕುವುದುಂಟು. ನಾವೂ ತರಗತಿಯಲ್ಲಿ ಹುಡುಗರ ಪ್ರಬಂಧಗಳನ್ನು ತಿದ್ದುವಾಗ ಬಹುಕಾಲ ಹಾಗೆಯೇ ಹೇಳುತ್ತಿದ್ದವರು. ಆದರೆ ನಾಣ್ಯವು ಸವೆದಿದೆಯೆಂದರೆ ಅದು ಅನೇಕರ ಕೈ ದಾಟಿ, ಅನೇಕರ ಹಸಿವನ್ನೂ ಸಾಲವನ್ನೂ ತೀರಿಸಿ ಬಂದಿದೆಯೆಂದೇ ಅರ್ಥವಲ್ಲವೆ? ಈ ವಿವೇಕವು ನಮಗೆ ಹುಟ್ಟಿದುದು ಒಂದು ತಪ್ಪನ್ನು ಮಾಡಿದ ಮೇಲೆ. ವಾಚಕರಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ಒಪ್ಪಿಸುತ್ತೇವೆ.

ಕಳೆದ ಬೇಸಗೆಯಲ್ಲಿ ಯಲಹಂಕದ ನಮ್ಮ ನೆರೆಮನೆಯವರು ನೀರಿನ ಸಂಪಿಗಾಗಿ ಹಿತ್ತಲನ್ನು ಅಗೆಸಿದರು. ಆ ಮನೆಯ ಹುಡುಗನು, ಕಾಲೇಜಿನಲ್ಲಿ ಓದುತ್ತಿರುವವನು, ಸ್ನೇಹಿತನಿಂದ ಮೆಟಲ್ ಡಿಟೆಕ್ಟರ್ ಯಂತ್ರವನ್ನು ಎರವಲು ತಂದು ಮಣ್ಣಿನ ಗುಡ್ಡೆಯ ಮೇಲೆ ಆಡಿಸಿದನು. ಎರಡು ಮೊಳೆ, ಒಂದು ಮುರುಕು ಬಾಗಿಲ ಚಿಲಕ, ಇವುಗಳ ಹಿಂದೆ ಕರಿಹಸುರು ಕಿಲುಬು ಹತ್ತಿದ ಒಂದು ಬಿಲ್ಲೆಯು ದೊರೆಯಿತು. ಅವನು ಅದನ್ನು ಮುಷ್ಟಿಯಲ್ಲಿ ಹಿಡಿದು ನಮ್ಮಲ್ಲಿಗೆ ಓಡಿಬಂದನು.

“ಮೇಷ್ಟ್ರೇ, ಇದು ರೋಮಿನ ನಾಣ್ಯವೇ! ನೋಡಿ, ರೋಮನ್ ಅಂಕಿ ಎರಡು ಎಕ್ಸ್ ಇವೆ. ಇದರಲ್ಲಿ ಈ ವರ್ಷದ ಫೀಸು ಹುಟ್ಟುತ್ತದೆ” ಎಂದನು.

ಹುಡುಗನ ಮಾತು ಕೇವಲ ಹುಚ್ಚಲ್ಲ. ನಮ್ಮಿಂದ ಕೆಲವೇ ಮೈಲಿ ದೂರದ ಯಶವಂತಪುರದಲ್ಲಿ ೧೮೯೧ರಲ್ಲಿ ರೈಲುದಾರಿಯ ಕೆಲಸಕ್ಕಾಗಿ ನೆಲವನ್ನು ಅಗೆಯುತ್ತಿದ್ದಾಗ ಒಂದು ಮಣ್ಣಿನ ಗಡಿಗೆಯು ಸಿಕ್ಕಿತು. ಅದರಲ್ಲಿದ್ದುವು ರೋಮಕ ಸಾಮ್ರಾಜ್ಯದ ೧೬೩ ಬೆಳ್ಳಿಯ ನಾಣ್ಯಗಳು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೊದಲಾದ ಚಕ್ರವರ್ತಿಗಳ ಮುದ್ರೆ ಅವುಗಳ ಮೇಲಿತ್ತು. ೧೯೬೫ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿಯೂ ಇಂತಹವೇ ೨೫೬ ನಾಣ್ಯಗಳು ಹೊರಬಿದ್ದುವು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿಯೂ ರೋಮಕ ಬೆಳ್ಳಿಯು ಕಂಡಿತು.

ಇವು ಇಷ್ಟು ದೂರ ಬಂದುದು ಹೇಗೆ? ಮುಂಗಾರಿನ ಗಾಳಿಯನ್ನು ಹಿಡಿದು ಕೆಂಪು ಸಮುದ್ರದಿಂದ ನಮ್ಮ ಪಶ್ಚಿಮ ಕರಾವಳಿಗೆ ಹಡಗುಗಳು ಬರುತ್ತಿದ್ದುವು. ಮೆಣಸು, ನಯವಾದ ಬಟ್ಟೆ, ರತ್ನಗಳನ್ನು ಕೊಂಡು ಹೊನ್ನು ಬೆಳ್ಳಿಗಳನ್ನು ಸುರಿಯುತ್ತಿದ್ದುವು. ಕ್ರಿ. ಶ. ೭೯ರಲ್ಲಿ ಮೃತನಾದ ಪ್ಲಿನಿಯೆಂಬ ರೋಮಕ ಪಂಡಿತನು, ಭರತಖಂಡವು ವರ್ಷವರ್ಷವೂ ತಮ್ಮ ಐದು ಕೋಟಿ ಸೆಸ್ಟರ್ಸುಗಳನ್ನು ನುಂಗುತ್ತಿದೆಯೆಂದು ಸಂಕಟಪಟ್ಟಿದ್ದಾನೆ. ನಾಲ್ಕು ಸೆಸ್ಟರ್ಸಿಗೆ ಒಂದು ಬೆಳ್ಳಿಯ ದಿನಾರಿಯಸ್ಸಾದುದರಿಂದ ಅದು ಒಂದೂಕಾಲು ಕೋಟಿ ಬೆಳ್ಳಿನಾಣ್ಯಗಳ ಬೆಲೆಗೆ ಸಮವಾಯಿತು. ಆ ದಿನಾರಿಯಸ್ಸೇ ನಮ್ಮ ಸಂಸ್ಕೃತದ ‘ದೀನಾರ’. ಬಾಲ್ಯದಲ್ಲಿ ಅಮರಕೋಶವನ್ನು ಉರುಹೊಡೆದಾಗ ನಿಷ್ಕಕ್ಕೆ ದೀನಾರವೆಂಬ ಅರ್ಥವನ್ನು ಒಪ್ಪಿಸಿದ್ದೆವೇ ಹೊರತು, ಆ ಪದವು ಸಮುದ್ರವನ್ನು ದಾಟಿ ಬಂದುದೆಂಬುದು ನಮಗೆ ಆಗ ಹೊಳೆದಿರಲಿಲ್ಲ.

ಇಷ್ಟೆಲ್ಲ ತಿಳಿದಿದ್ದುದೇ ನಮಗೆ ಮುಳುವಾಯಿತು. ನಮ್ಮ ಮನಸ್ಸಿಗೂ ಅದು ರೋಮಕ ನಾಣ್ಯವಾಗಲೆಂಬ ಆಸೆಯೇ ಇತ್ತು. ಬೆಳ್ಳಿಯೋ ತಾಮ್ರವೋ ತಿಳಿಯಬೇಕೆಂಬ ಆತುರದಲ್ಲಿ, ಪೂಜಾಪಾತ್ರೆಗಳನ್ನು ಬೆಳಗುವಂತೆ, ಹುಣಸೆಹಣ್ಣು ಉಪ್ಪುಗಳನ್ನು ಹಚ್ಚಿ ನಾವೇ ಅದನ್ನು ಚೆನ್ನಾಗಿ ತಿಕ್ಕಿದೆವು. ಬಿಲ್ಲೆಯು ಕೆಂಪಗೆ ಹೊಳೆಯಿತು, ತಾಮ್ರವೆಂಬುದು ಸ್ಪಷ್ಟವಾಯಿತು. ಆದರೆ ಕಿಲುಬಿನೊಡನೆ ಅದರಲ್ಲಿ ಅಡಗಿದ್ದ ತೆಳುವಾದ ರೇಖೆಗಳೂ ಹೊರಟುಹೋದುವು. ಲೋಹವು ಕೊಳೆತು ಕಿಲುಬಾದಾಗ ಅಕ್ಷರದ ಆಕಾರವು ಎಷ್ಟೋ ವೇಳೆ ಆ ಕಿಲುಬಿನಲ್ಲಿಯೇ ನಿಂತಿರುತ್ತದೆ. ಅದನ್ನು ತೊಳೆಯುವುದು ಓಲೆಗರಿಯ ಧೂಳನ್ನು ಒರಸಲು ಹೋಗಿ ಬರಹವನ್ನೇ ಒರಸಿದಂತೆ.

ಮೊದಲೇ ತಕ್ಕಡಿಯನ್ನು ಹಿಡಿದಿದ್ದರೆ ಇಷ್ಟು ಅನರ್ಥವಾಗುತ್ತಿರಲಿಲ್ಲ. ಯಶವಂತಪುರದ ಬಗೆಯ ದಿನಾರಿಯಸ್ ನಾಲ್ಕು ಗ್ರಾಮಿಗೆ ಕೊಂಚ ಕಡಿಮೆ ತೂಗುತ್ತದೆ. ಅದರ ಅಗಲ ಸುಮಾರು ಮುಕ್ಕಾಲು ಅಂಗುಲ. ಬೀದಿಯ ಅಕ್ಕಸಾಲಿಗರ ತಕ್ಕಡಿಯಲ್ಲಿ ನಮ್ಮ ಬಿಲ್ಲೆಯು ಎಂಟೂವರೆ ಗ್ರಾಮಿಗೂ ಮೇಲೆ ತೂಗಿತು. ನಾಣ್ಯವು ಸವೆದರೆ ತೂಕವು ಇಳಿಯುವುದೇ ವಿನಾ ಇಮ್ಮಡಿಯಾಗುವುದಿಲ್ಲ. ಮುದ್ರೆಯೂ ಹೊಂದಲಿಲ್ಲ. ಭಾರತದಲ್ಲಿ ಹೆಚ್ಚಾಗಿ ದೊರೆಯುವ ದಿನಾರಿಯಸ್ಸುಗಳು ಎರಡು ಬಗೆಯವು: ಅಗಸ್ಟಸನದರಲ್ಲಿ ಈಟಿ ಗುರಾಣಿಗಳೊಡನೆ ನಿಂತ ಇಬ್ಬರು ರಾಜಕುಮಾರರು, ಟೈಬೀರಿಯಸನದರಲ್ಲಿ ರೆಂಬೆಯನ್ನು ಹಿಡಿದು ಕುಳಿತ ಸ್ತ್ರೀ. ಎರಡರ ಮುಂಬದಿಯಲ್ಲಿಯೂ ಚಕ್ರವರ್ತಿಯ ತಲೆಯಿರುತ್ತದೆ.

ಬಿಲ್ಲೆಯನ್ನು ಕತ್ತಲ ಕೋಣೆಯಲ್ಲಿಟ್ಟು, ದೀಪವನ್ನು ಮೇಲಿನಿಂದ ಹಿಡಿಯದೆ ಪಕ್ಕದಿಂದ ಓರೆಯಾಗಿ ಬೀಳುವಂತೆ ಹಿಡಿದೆವು. ನೇರ ಬೆಳಕಿನಲ್ಲಿ ಕಾಣದ ಉಬ್ಬು ತಗ್ಗುಗಳು ನೆರಳು ಚೆಲ್ಲಿ ಎದ್ದು ಬಂದುವು. ಕಂಡುದು ರಾಜನ ತಲೆಯಲ್ಲ. ಸೊಂಡಿಲನ್ನು ಇಳಿಬಿಟ್ಟು ನಿಂತ ಆನೆ! ಹುಡುಗನು ಕೂಡಲೆ “ಹಾಗಾದರೆ ಟೀಪುವಿನದು” ಎಂದನು. ಟೀಪು ಸುಲ್ತಾನನ ತಾಮ್ರದ ಕಾಸುಗಳಲ್ಲಿ ಆನೆಯಿರುವುದು ನಿಜ. ಆದರೆ ಅವುಗಳ ಬರಹವೆಲ್ಲ ಪಾರಸಿ ಲಿಪಿಯದು. ಇಂಗ್ಲಿಷಿನ ಅಕ್ಷರಗಳು ಅಲ್ಲಿಲ್ಲ. ಆಗ ಹುಡುಗನು ತಿಕ್ಕುವುದಕ್ಕೆ ಮುಂಚೆ ತನ್ನ ಮೊಬೈಲಿನಲ್ಲಿ ತೆಗೆದಿದ್ದ ಚಿತ್ರವನ್ನು ಹೊರತೆಗೆದನು. ಅದರಲ್ಲಿ ಆನೆಯ ಮೇಲುಗಡೆ, ನಾವು ಅಳಿಸಿಹಾಕಿದ ಎಡೆಯಲ್ಲಿ, ಕನ್ನಡದ ‘ಶ್ರೀ’ ಮಸುಕಾಗಿ ಕಾಣುತ್ತಿತ್ತು.

ಗಂಟು ಬಿಚ್ಚಿತು. ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನ ಇಪ್ಪತ್ತು ಕಾಸಿನ ತಾಮ್ರದ ನಾಣ್ಯ. ಎರಡು ಎಕ್ಸುಗಳು ರೋಮಿನ ಗುರುತಲ್ಲ, ಇಂಗ್ಲಿಷಿನಲ್ಲಿ ಬರೆದ ‘ಇಪ್ಪತ್ತು ಕಾಸು’ ಎಂಬ ಬೆಲೆ. ಮೈಸೂರಿನ ಟಂಕಸಾಲೆಯ ಕೆಲಸವು ೧೮೪೩ರಲ್ಲಿ ನಿಂತುದರಿಂದ ನಾಣ್ಯವು ಅದಕ್ಕೆ ಹಿಂದಿನದು. ಹುಡುಗನ ಮುಖವು ಬಾಡಿತು. ಫೀಸು ಅದರಿಂದ ಹುಟ್ಟುವಂತಿರಲಿಲ್ಲ. ಅವನ ಅಜ್ಜಿಯು ಮಾತ್ರ, “ಬಿಡಪ್ಪ, ಯಾರೋ ನಮ್ಮ ಹಾಗೆ ಸಂತೆಗೆ ಹೋದವರು ಬೀಳಿಸಿಕೊಂಡು ಎಷ್ಟು ಹುಡುಕಿದರೋ, ಪಾಪ” ಎಂದರು. ನಮ್ಮ ಪಾಂಡಿತ್ಯಕ್ಕೆ ಹೊಳೆಯದ ಮಾತು ಅದು.

ಯಶವಂತಪುರದ ಗಡಿಗೆಯ ಮಹತ್ವವನ್ನೂ ನಾವು ಸರಿಯಾಗಿ ಅರಿತುದು ಅಂದೇ. ಅಲ್ಲಿಯ ನಾಣ್ಯಗಳನ್ನು ಎಣಿಸಿ ಓದಿದಾಗ ಅವು ಕ್ರಿ. ಪೂ. ೨೧ರಿಂದ ಕ್ರಿ. ಶ. ೫೧ರ ವರೆಗಿನವೆಂದು ಗೊತ್ತಾಯಿತು. ಎಲ್ಲಕ್ಕೂ ಕಿರಿಯದಾದ ನಾಣ್ಯವು ಟಂಕವಾಗುವುದಕ್ಕೆ ಮುಂಚೆ ಗಡಿಗೆಯನ್ನು ಹೂಳಿರಲಾರರು; ಹೂತುದು ಆಮೇಲೆಯೇ. ‘ಬೆಂಗಳೂರು’ ಎಂಬ ಹೆಸರು ಬೇಗೂರಿನ ಶಿಲಾಶಾಸನದಲ್ಲಿ ಕಾಣುವುದು ಕ್ರಿ. ಶ. ೮೯೦ರ ಸುಮಾರಿಗೆ. ಅದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ಈ ನೆಲಕ್ಕೆ ಪರದೇಶದ ಬೆಳ್ಳಿಯು ಬಂದಿತ್ತೆಂಬುದಕ್ಕೆ ಆ ಗಡಿಗೆಯೇ ಸಾಕ್ಷಿ. ಕೂಲಿಯವರು ಅದನ್ನು ಹಂಚಿಕೊಂಡು ಕುಲುಮೆಗೆ ಹಾಕಿದ್ದರೆ ಕೆಲವು ಕಾಲ್ಗೆಜ್ಜೆಗಳಾಗುತ್ತಿದ್ದುವು; ಸಾಕ್ಷ್ಯವು ಕರಗಿಹೋಗುತ್ತಿತ್ತು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಹಳೆಯ ನಾಣ್ಯವು ಸಿಕ್ಕಿದರೆ ಹುಣಸೆಹಣ್ಣು, ನಿಂಬೆ, ಬೂದಿಗಳನ್ನು ಮುಟ್ಟಿಸಬೇಡಿ. ಮೊದಲು ಎರಡು ಬದಿಗಳ ಚಿತ್ರವನ್ನು ತೆಗೆದಿಡಿ. ತೂಕವನ್ನೂ ಅಗಲವನ್ನೂ ಬರೆದಿಡಿ. ಯಾವ ಸ್ಥಳದಲ್ಲಿ, ಎಷ್ಟು ಆಳದಲ್ಲಿ, ಯಾವ ವಸ್ತುವಿನ ಜತೆಯಲ್ಲಿ ಸಿಕ್ಕಿತೆಂಬುದನ್ನು ಅಂದೇ ಗುರುತಿಸಿ. ಗಡಿಗೆಯು ಸಿಕ್ಕಿದರೆ ಒಳಗಿನ ನಾಣ್ಯಗಳನ್ನು ಬೇರೆಬೇರೆ ಮಾಡಕೂಡದು. ನೆಲದಲ್ಲಿ ದೊರೆತ ನಿಧಿಯನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದೆಂದು ಕಾನೂನೂ ಇದೆ. ನೂರು ವರ್ಷಕ್ಕೆ ಮೇಲ್ಪಟ್ಟ ನಾಣ್ಯಗಳನ್ನು ೧೯೭೨ರ ಪ್ರಾಚ್ಯವಸ್ತು ಶಾಸನವು ರಕ್ಷಿಸುತ್ತದೆ. ಖಾಸಗಿಯವರು ಅವನ್ನು ಪರದೇಶಕ್ಕೆ ಸಾಗಿಸುವಂತಿಲ್ಲ. ಯಂತ್ರವನ್ನು ಹಿಡಿದು ಹಾಳುಗುಡಿ ಕೋಟೆಗಳನ್ನು ಕೆದಕುವುದು ಶೋಧನೆಯಲ್ಲ, ಅಪರಾಧ.

ಹುಡುಗನು ತನಗೆ ಸಿಕ್ಕಿದುದನ್ನು ವಿವರಿಸಿ ಒಂದು ಅರ್ಜಿಯನ್ನು ಬರೆದನು. ಕಾಗುಣಿತವನ್ನು ನಾವು ತಿದ್ದಿಕೊಟ್ಟೆವು. “ಸ್ವಚ್ಛಗೊಳಿಸುವಾಗ ಅಕ್ಷರವು ನಷ್ಟವಾಯಿತು” ಎಂದು ಅವನು ಬರೆದಿದ್ದನು. ಯಾರಿಂದ ಎಂಬುದನ್ನು ಮರ್ಯಾದೆಗಾಗಿ ಬಿಟ್ಟಿದ್ದನು. ಆ ಒಂದು ಮಾತನ್ನು ನಾವೇ ನಮ್ಮ ಕೈಯಿಂದ ಸೇರಿಸಿದೆವು.