ತೆರೆದ ಸೀಸೆಯ ನೊರೆ

ಶಾಂಪೇನ್ ಎಂಬ ಹೆಸರನ್ನು ಕೇಳಿದೊಡನೆ ನಮ್ಮ ಹುಲಸೂರಿನಂತಹ ಊರಿನಲ್ಲಿ ಹಲವರು ಹುಬ್ಬೇರಿಸಬಹುದು. ಜೋಳ, ತೊಗರಿ ಬೆಳೆಯುವ ಈ ಸೀಮೆಗೂ ಫ್ರಾನ್ಸ್ ದೇಶದ ಆ ಪಾನೀಯಕ್ಕೂ ಎಲ್ಲಿಯ ನಂಟು? ಆದರೆ ನಮ್ಮ ಮಕ್ಕಳು ಇಂದು ಪುಣೆ, ಹೈದರಾಬಾದುಗಳಲ್ಲಷ್ಟೇ ಅಲ್ಲ, ಕಡಲಾಚೆಯ ನಾಡುಗಳಲ್ಲೂ ನೆಲೆಸಿದ್ದಾರೆ. ಅಲ್ಲಿಯ ಸಂತೋಷಕೂಟಗಳಲ್ಲಿ ಇಂತಹ ಸೀಸೆಯನ್ನು ತೆರೆಯುವುದುಂಟು. ಅರ್ಧ ಉಳಿಯುವುದೂ ಉಂಟು. ಆಗ ಯಾರಾದರೊಬ್ಬರು, ‘ನಾಳೆಗೆ ಕೆಡುತ್ತದೆ, ಇಂದೇ ಮುಗಿಸಿಬಿಡಿ’ ಎನ್ನುತ್ತಾರೆ. ಬೆಲೆಯುಳ್ಳ ವಸ್ತು ಹಾಳಾದೀತೆಂಬ ಅಳುಕಿನಿಂದ ಬೇಡವೆನಿಸಿದವನೂ ಇನ್ನೊಂದು ಲೋಟ ಕುಡಿಯುತ್ತಾನೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಿಸುವುದೇ ಈ ಭಾಷಣದ ಉದ್ದೇಶ. ಕುಡಿಯಿರೆಂದು ಹೇಳಲು ನಾನು ಬಂದಿಲ್ಲ. ಕುಡಿಯದೆ ಉಳಿಸಲು ದಾರಿಯುಂಟೆಂದು ಹೇಳಲು ಬಂದಿದ್ದೇನೆ.

ಕನ್ನಡ ಪಾಠ ಹೇಳಿದವನಿಗೆ ಈ ಉಸಾಬರಿಯೇಕೆಂದು ಶ್ರೋತೃಗಳು ಕೇಳಬಹುದು. ನಮ್ಮ ನೆರೆಯ ಕಲ್ಯಾಣದಲ್ಲಿ ೧೧೨೬ರಿಂದ ೧೧೩೮ರವರೆಗೆ ಆಳಿದ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ರಾಜನೀತಿಯ ಜೊತೆಗೆ ಅನ್ನಪಾನಗಳಿಗೂ ಸ್ಥಾನ ಕೊಟ್ಟಿದ್ದಾನೆ. ಅರಸನೇ ಶಾಸ್ತ್ರದ ಸಾಲಿಗೆ ಸೇರಿಸಿದ ವಿಷಯವನ್ನು ಮೇಷ್ಟರು ಮಾತನಾಡಿದರೆ ತಪ್ಪಾಗಲಾರದು.

ಫ್ರಾನ್ಸಿನ ಶಾಂಪೇನ್ ಪ್ರಾಂತದಲ್ಲಿ ತಯಾರಾದ ದ್ರಾಕ್ಷಾಮದ್ಯಕ್ಕೆ ಮಾತ್ರ ಈ ಹೆಸರು ಸಲ್ಲುತ್ತದೆ. ಅದನ್ನು ಸೀಸೆಯಲ್ಲಿ ತುಂಬುವಾಗ ಸ್ವಲ್ಪ ಸಕ್ಕರೆಯನ್ನೂ ಯೀಸ್ಟ್ ಎಂಬ ಸೂಕ್ಷ್ಮಜೀವಿಯನ್ನೂ ಸೇರಿಸುತ್ತಾರೆ. ಮುಚ್ಚಿದ ಸೀಸೆಯೊಳಗೆ ಅದು ಎರಡನೆಯ ಬಾರಿ ಹುದುಗುತ್ತದೆ. ಆಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಅನಿಲಕ್ಕೆ ಹೊರಹೋಗಲು ಹಾದಿಯಿಲ್ಲ. ದ್ರವದಲ್ಲಿಯೇ ಕರಗಿ ನಿಲ್ಲುತ್ತದೆ. ಮುಕ್ಕಾಲು ಲೀಟರಿನ ಸೀಸೆಯಲ್ಲಿ ಹೀಗೆ ಅಡಗಿರುವ ಅನಿಲ ಸುಮಾರು ಐದು ಲೀಟರಿನಷ್ಟು. ಒಳಗಿನ ಒತ್ತಡ ಮೋಟಾರು ಕಾರಿನ ಗಾಲಿಯಲ್ಲಿರುವುದರ ಎರಡು ಮೂರು ಪಟ್ಟು.

ಇದೇ ತತ್ತ್ವವನ್ನು ನಾವು ಸಂತೆಯ ಗೋಲಿ ಸೋಡಾದಲ್ಲಿ ಕಂಡಿದ್ದೇವೆ. ಆ ಸೀಸೆಯನ್ನು ರೂಪಿಸಿದವನು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಹೈರಂ ಕಾಡ್. ಒಳಗಿನ ಅನಿಲವೇ ಗೋಲಿಯನ್ನು ಕೊರಳಿನ ರಬ್ಬರು ಉಂಗುರಕ್ಕೆ ಒತ್ತಿ ಹಿಡಿದಿರುತ್ತದೆ. ಸೆರೆಯಾಳೇ ಸೆರೆಮನೆಯ ಬಾಗಿಲು ಕಾದಂತೆ. ಗೋಲಿಯನ್ನು ಒಳಕ್ಕೆ ತಳ್ಳಿದೊಡನೆ ಒತ್ತಡ ಕುಸಿಯುತ್ತದೆ, ಗುಳ್ಳೆ ಏಳುತ್ತದೆ. ಆದರೂ ಕರಗಿದ ಅನಿಲವೆಲ್ಲ ಒಮ್ಮೆಗೇ ಹೊರಡುವುದಿಲ್ಲ. ಶಾಂಪೇನಿನದೂ ಅದೇ ಕಥೆ. ಬಿರಡೆ ಹಾರಿದಾಗ ಹೋಗುವುದು ಕೊರಳಲ್ಲಿದ್ದ ಅಲ್ಪ ಭಾಗ; ಉಳಿದದ್ದು ಗಂಟೆಗಟ್ಟಲೆ ಮೆಲ್ಲಮೆಲ್ಲನೆ ಜಾರುತ್ತದೆ.

ಹಾಗಾದರೆ ಅದನ್ನು ತಡೆಹಿಡಿಯುವುದು ಹೇಗೆ? ಸೀಸೆಯ ಬಾಯಿಯಲ್ಲಿ ಬೆಳ್ಳಿಯ ಚಮಚವನ್ನು ತೂಗಬಿಟ್ಟರೆ ನೊರೆ ಉಳಿಯುತ್ತದೆಂಬ ನಂಬಿಕೆ ಪಶ್ಚಿಮ ದೇಶಗಳಲ್ಲಿ ಬಹಳ ಹಬ್ಬಿದೆ. ೧೯೯೪ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ರಿಚರ್ಡ್ ಝೇರ್ ಅವರೂ ಪಾಕವಿಜ್ಞಾನದ ಲೇಖಕ ಹೆರಾಲ್ಡ್ ಮೆಕ್‌ಗೀ ಅವರೂ ಇದನ್ನು ಪರೀಕ್ಷೆಗೊಡ್ಡಿದರು. ಚಮಚದಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ಬಾಯಿ ತೆರೆದಿದ್ದರೂ ತಂಪಾದ ಸೀಸೆಯಲ್ಲಿ ರಾತ್ರಿ ಕಳೆಯುವವರೆಗೆ ಒಂದಷ್ಟು ಗುಳ್ಳೆ ಉಳಿದೇ ಇರುತ್ತದೆ. ಕೆಲಸ ತಂಪಿನದು, ಕೀರ್ತಿ ಚಮಚಕ್ಕೆ!

ನಿಜವಾದ ಉಪಾಯಗಳು ಎರಡೇ: ತಂಪು ಮತ್ತು ಭದ್ರವಾದ ಮುಚ್ಚಳ. ಸೊನ್ನೆ ಡಿಗ್ರಿಯ ನೀರು ಇಪ್ಪತ್ತು ಡಿಗ್ರಿಯ ನೀರಿಗಿಂತ ಸುಮಾರು ಇಮ್ಮಡಿ ಅನಿಲವನ್ನು ಕರಗಿಸಿಕೊಳ್ಳಬಲ್ಲದು. ಆದುದರಿಂದ ಲೋಟಕ್ಕೆ ಸುರಿದೊಡನೆ ಸೀಸೆಯನ್ನು ಮೇಜಿನ ಮೇಲೆ ಬಿಡದೆ ಫ್ರಿಜ್ಜಿಗೆ ಸೇರಿಸಬೇಕು. ತೆಗೆದ ಬಿರಡೆ ಅಣಬೆಯಂತೆ ಅರಳಿರುವುದರಿಂದ ಮತ್ತೆ ಹೊಂದುವುದಿಲ್ಲ. ಸಾಮಾನ್ಯ ಬಿರಡೆಯನ್ನು ಒಳಗಿನ ಅನಿಲ ಹೊರದೂಡೀತು. ಸೀಸೆಯ ತುಟಿಯನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ, ರಬ್ಬರು ಅಂಚಿನ ಮುಚ್ಚಳಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಗಾಳಿ ಹೀರಿ ತೆಗೆಯುವ ಪಂಪು ಗುಳ್ಳೆಯಿಲ್ಲದ ಮದ್ಯಕ್ಕೆ ಸರಿ. ಇಲ್ಲಿ ಅದು ನೊರೆಯನ್ನೇ ಹೀರಿಬಿಡುತ್ತದೆ. ಸೀಸೆಯನ್ನು ನೆಟ್ಟಗೆ ನಿಲ್ಲಿಸಬೇಕು, ಅಲುಗಿಸಬಾರದು. ಹಿಮಗಟ್ಟುವ ಗೂಡಿನಲ್ಲಿಟ್ಟು ಮರೆತರೆ ಗಾಜು ಒಡೆಯುವ ಅಪಾಯವುಂಟು.

ಹೀಗೆ ಕಾಪಾಡಿದರೆ ಒಂದೆರಡು ದಿನ, ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಕೆಲವೊಮ್ಮೆ ಮೂರು ದಿನ, ಪಾನೀಯದ ಗುಣ ತಕ್ಕಮಟ್ಟಿಗೆ ನಿಲ್ಲುತ್ತದೆ. ಅನಂತರ ಗಾಳಿಯ ಆಮ್ಲಜನಕ ಪರಿಮಳವನ್ನು ಕುಂದಿಸುತ್ತದೆ. ಸಪ್ಪೆಯಾದದ್ದನ್ನೂ ಚೆಲ್ಲಬೇಕಿಲ್ಲ, ಅಲ್ಲಿಯವರು ಅದನ್ನು ಅಡುಗೆಗೆ ಬಳಸುತ್ತಾರೆ.

ಆದುದರಿಂದ ‘ಇಂದೇ ಮುಗಿಸಿ’ ಎಂಬ ಒತ್ತಾಯಕ್ಕೆ ವಿಜ್ಞಾನದ ಬೆಂಬಲವಿಲ್ಲ. ಸಾಕೆಂದವನ ಲೋಟಕ್ಕೆ ಮತ್ತೆ ಸುರಿಯುವುದು ಮಿತವ್ಯಯವಲ್ಲ. ಸೀಸೆಯನ್ನು ಉಳಿಸಲು ಹೋಗಿ ಮನುಷ್ಯನನ್ನು ಕೆಡಿಸಿದಂತೆ. ಮುಚ್ಚಳ ಹಾಕಿ ತಂಪಿನಲ್ಲಿಡುವುದಕ್ಕೆ ಅರ್ಧ ನಿಮಿಷ ಸಾಕು.