ನಲವತ್ತು ಮಂದಿಗೆ ಹತ್ತು ಪರವಾನಗಿ

ಕಟ್ಟಡಗಳ ನಕ್ಷೆ ತಯಾರಿಸುವ ಕಚೇರಿಯೊಂದನ್ನು ಊಹಿಸಿಕೊಳ್ಳೋಣ. ಅಲ್ಲಿ 40 ಮಂದಿ ಎಂಜಿನಿಯರುಗಳು. ಪ್ರತಿಯೊಬ್ಬರ ಮೇಜಿನ ಮೇಲೂ ಒಂದೊಂದು ಗಣಕಯಂತ್ರ. ತೊಲೆಕಂಬಗಳು ಹೊರೆಯನ್ನು ತಾಳಬಲ್ಲವೆ ಎಂದು ಲೆಕ್ಕಹಾಕುವ ತಂತ್ರಾಂಶವೊಂದು ಅವರೆಲ್ಲರಿಗೂ ಬೇಕು. ಆದರೆ ಯಾರಿಗೂ ದಿನವಿಡೀ ಬೇಕಿಲ್ಲ. 8 ಗಂಟೆಯ ಕೆಲಸದಲ್ಲಿ ಸರಾಸರಿ 1 ಗಂಟೆ ಬಳಕೆಯಾದರೆ ಹೆಚ್ಚು. ಇಂಥ ತಂತ್ರಾಂಶ ಅಗ್ಗದ ಸರಕಲ್ಲ. 40 ಪ್ರತಿಗಳಿಗೆ ಹಣ ತೆತ್ತು, ದಿನಕ್ಕೆ 7 ಗಂಟೆ ಅವುಗಳನ್ನು ಮಲಗಿಸಿಡುವುದಕ್ಕೆ ಯಾವ ಗೃಹಸ್ಥನೂ ಒಪ್ಪಲಾರನು. ಹಾಗೆಂದು ತೀರ ಕಡಿಮೆ ಕೊಂಡರೆ, ನಾಳೆ ಬೆಳಗ್ಗೆ ಲೆಕ್ಕ ಒಪ್ಪಿಸಬೇಕಾದವನು ಇಂದು ಸಂಜೆ ಕೈಕಟ್ಟಿ ಕುಳಿತಿರಬೇಕಾಗುತ್ತದೆ.

ಈ ಇಕ್ಕಟ್ಟಿನಿಂದ ಹುಟ್ಟಿದುದೇ ‘ತೇಲುವ ಪರವಾನಗಿ’. ತಂತ್ರಾಂಶವನ್ನು 40 ಯಂತ್ರಗಳಲ್ಲಿಯೂ ಇರಿಸಬಹುದು. ಏಕಕಾಲದಲ್ಲಿ ನಡೆಸಬಹುದಾದವರ ಸಂಖ್ಯೆ ಮಾತ್ರ ಕೊಂಡಷ್ಟೇ. ಈ ಎಣಿಕೆಯನ್ನು ಕಾಯುವುದು ಕಚೇರಿಯ ಜಾಲದಲ್ಲಿರುವ ಪರವಾನಗಿ ಸರ್ವರ್. ಗ್ರಂಥಭಂಡಾರದ ಗುಮಾಸ್ತನು ಪುಸ್ತಕವನ್ನು ಕೊಟ್ಟು, ಹಿಂದಿರುಗಿದೊಡನೆ ಇನ್ನೊಬ್ಬರಿಗೆ ಕೊಡುವಂತೆಯೇ ಇದರ ವ್ಯವಹಾರ.

ಈ ಬಗೆಯ ಏರ್ಪಾಡುಗಳಲ್ಲಿ ಬಹು ಬಳಕೆಯಲ್ಲಿರುವುದು 1980ರ ದಶಕದ ಕೊನೆಯಲ್ಲಿ ಬಂದ ಫ್ಲೆಕ್ಸ್‌ಎಲ್‌ಎಂ. ಈಗಿನ ಹೆಸರು ಫ್ಲೆಕ್ಸ್‌ನೆಟ್. ತಯಾರಕರು ಒಂದು ಪರವಾನಗಿ ಕಡತವನ್ನು ಕಳುಹಿಸುತ್ತಾರೆ. ಅದರಲ್ಲಿ ಪರವಾನಗಿಗಳ ಸಂಖ್ಯೆ, ಅವಧಿ, ಸರ್ವರಿನ ಗುರುತು ಇರುತ್ತವೆ; ಕೆಳಗೆ ಗಣಿತದ ಗೂಢ ಸಹಿ. 10 ಎಂಬುದನ್ನು 20 ಎಂದು ತಿದ್ದಿದರೆ ಸಹಿ ತಾಳೆಯಾಗದೆ ಕಡತವೇ ನಿರರ್ಥಕವಾಗುತ್ತದೆ. ಸರ್ವರಿನ ಗುರುತು ಸಾಮಾನ್ಯವಾಗಿ ಅದರ ಜಾಲಪಟ್ಟಿಕೆಯ 48 ಬಿಟ್ಟುಗಳ ವಿಳಾಸ. ಆದುದರಿಂದ ಪಟ್ಟಿಕೆ ಕೆಟ್ಟು ಹೊಸದನ್ನು ಹಾಕಿದಾಗ ಹೊಸ ಕಡತವನ್ನೂ ಬೇಡಿ ಪಡೆಯಬೇಕಾಗುವುದು.

ಸ್ಥಾಪನೆಯಲ್ಲಿ ಜನ ಹೆಚ್ಚಾಗಿ ಎಡವುವ ಜಾಗವೊಂದುಂಟು. ಸರ್ವರಿನಲ್ಲಿ ಇಬ್ಬರು ದ್ವಾರಪಾಲಕರಿರುತ್ತಾರೆ. ಮೊದಲನೆಯವನ ಬಾಗಿಲು ವಾಡಿಕೆಯಂತೆ 27000ದಿಂದ 27009ರವರೆಗಿನ ಸಂಖ್ಯೆಗಳಲ್ಲೊಂದು. ಅವನು ಬಂದವರನ್ನು ಎರಡನೆಯವನಾದ ತಯಾರಕರ ಪ್ರತಿನಿಧಿಯ ಬಳಿಗೆ ಕಳುಹಿಸುತ್ತಾನೆ. ನಾವು ಗೊತ್ತುಮಾಡದಿದ್ದರೆ ಈ ಎರಡನೆಯವನು ಪ್ರತಿ ಸಲ ಎದ್ದಾಗಲೂ ಬೇರೊಂದು ಬಾಗಿಲಲ್ಲಿ ನಿಲ್ಲಬಹುದು. ರಕ್ಷಣಾಗೋಡೆಯಲ್ಲಿ ಮೊದಲನೆಯ ಬಾಗಿಲನ್ನು ಮಾತ್ರ ತೆರೆದವರಿಗೆ ಎಲ್ಲವೂ ಸರಿಯಾಗಿರುವಂತೆ ಕಂಡರೂ ಪರವಾನಗಿ ದೊರೆಯದು. ಎರಡಕ್ಕೂ ನಿಶ್ಚಿತ ಸಂಖ್ಯೆಯನ್ನು ಕಡತದಲ್ಲಿ ಬರೆದರೆ ತೀರಿತು.

ಹಾಗಾದರೆ ಎಷ್ಟು ಪರವಾನಗಿ ಕೊಳ್ಳಬೇಕು? ಇದಕ್ಕೆ ಉತ್ತರ ದೊರೆಯುವುದು, ವಿಚಿತ್ರವೆಂದರೆ, ದೂರವಾಣಿಯ ಇತಿಹಾಸದಲ್ಲಿ. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್, ಇಷ್ಟು ತಂತಿಗಳಿದ್ದರೆ ಎಷ್ಟು ಕರೆಗಳು ‘ತಂತಿ ಖಾಲಿಯಿಲ್ಲ’ವೆಂಬ ಉತ್ತರ ಪಡೆಯುತ್ತವೆ ಎಂಬುದಕ್ಕೆ 1917ರಲ್ಲಿ ಸೂತ್ರವನ್ನು ಪ್ರಕಟಿಸಿದನು. ತಂತಿಯ ಬದಲು ಪರವಾನಗಿ ಎಂದು ಓದಿಕೊಂಡರೆ ಲೆಕ್ಕ ಒಂದೇ!

ನಮ್ಮ ಕಚೇರಿಯಲ್ಲಿ 40 ಮಂದಿ ತಲಾ 1 ಗಂಟೆಯಂತೆ 8 ಗಂಟೆಯಲ್ಲಿ ಹರಡಿದರೆ, ಯಾವ ಗಳಿಗೆಯಲ್ಲಾದರೂ ಸರಾಸರಿ 5 ಮಂದಿಯ ಬೇಡಿಕೆ. ಹಾಗಾದರೆ 5 ಪರವಾನಗಿ ಸಾಲದೆ? ಸಾಲದು. ಸೂತ್ರದ ಪ್ರಕಾರ ಆಗ 100 ಬೇಡಿಕೆಗಳಲ್ಲಿ ಸುಮಾರು 28 ನಿರಾಕರಣೆ ಹೊಂದುತ್ತವೆ. 8 ಇದ್ದರೆ 7. 10 ಇದ್ದರೆ 2ಕ್ಕಿಂತ ಕಡಿಮೆ. ಆದರೆ ಬೇಡಿಕೆ ದಿನವಿಡೀ ಸಮವಾಗಿರುವುದಿಲ್ಲ. ಊಟಕ್ಕೆ ಮುಂಚಿನ ನೂಕುನುಗ್ಗಲೇ ಬೇರೆ. ಅತ್ಯಂತ ಹೆಚ್ಚು ಗದ್ದಲದ ಗಂಟೆಯ ಹೊರೆಯನ್ನೇ ಲೆಕ್ಕಕ್ಕೆ ಹಿಡಿಯುವುದು ಜಾಣತನ. ನಿರಾಕರಣೆ ಹೊಂದಿದವನು ಹಿಂದಿರುಗಿ ಹೋಗುತ್ತಾನೆಂದು ಸೂತ್ರ ಭಾವಿಸುತ್ತದೆ. ನಮ್ಮ ಎಂಜಿನಿಯರನೋ ಮತ್ತೆ ಮತ್ತೆ ಗುಂಡಿ ಒತ್ತುತ್ತಲೇ ಇರುತ್ತಾನೆ.

ಇದೇ ಸೂತ್ರದ ಇನ್ನೊಂದು ಫಲ ಸ್ವಾರಸ್ಯಕರ. ಇಂಥ ಎರಡು ಶಾಖೆಗಳು ಪ್ರತ್ಯೇಕವಾಗಿ 10 ಹತ್ತರಂತೆ 20 ಕೊಳ್ಳುವ ಬದಲು ಒಂದೇ ಸರ್ವರನ್ನು ಹಂಚಿಕೊಂಡರೆ 17 ಸಾಕು. ಆದ್ದರಿಂದಲೇ, ಮೇಲಧಿಕಾರಿಗಳಿಗೆಂದು ಎರಡು ಮೂರು ಪರವಾನಗಿಗಳನ್ನು ಕಾದಿರಿಸುವ ಸಂಪ್ರದಾಯ ನಮಗೆ ಹಿಡಿಸದು. ಕಾದಿರಿಸಿದ್ದು ಬಳಕೆಯಾಗದಿದ್ದರೂ ಇತರರಿಗೆ ಸಿಕ್ಕದು. ಅದಕ್ಕಿಂತ, ತಂತ್ರಾಂಶವನ್ನು ತೆರೆದಿಟ್ಟು ಕಾಫಿಗೆ ಹೋದವನಿಂದ ಇಂತಿಷ್ಟು ಹೊತ್ತಿನ ನಂತರ ಪರವಾನಗಿಯನ್ನು ಹಿಂಪಡೆಯುವ ನಿಯಮವನ್ನು, ತಂತ್ರಾಂಶ ಅದಕ್ಕೆ ಒಪ್ಪುವುದಾದರೆ, ಬರೆದಿಡುವುದು ಲೇಸು. ಅವಧಿ ತೀರ ಚಿಕ್ಕದಾಗಬಾರದು, ಅಷ್ಟೆ.

ಸರ್ವರೇ ಕೆಟ್ಟರೆ ಎಲ್ಲರ ಕೆಲಸಕ್ಕೂ ಸಂಚಕಾರ. ಇದಕ್ಕಾಗಿ ಮೂರು ಸರ್ವರುಗಳನ್ನು ಜೊತೆಗೂಡಿಸುವ ಪದ್ಧತಿಯುಂಟು. ಮೂರರಲ್ಲಿ ಎರಡು ಬದುಕಿದ್ದರೆ ವಿತರಣೆ ಸಾಗುತ್ತದೆ. ಸಣ್ಣ ಕಚೇರಿಗೆ ಇದು ದುಬಾರಿ.

ಕೊನೆಯದಾಗಿ, ಸರ್ವರು ತಾನಾಗಿಯೇ ಬರೆದಿಡುವ ದಿನಚರಿ ಕಡತ. ಯಾರು ಎಷ್ಟು ಹೊತ್ತಿಗೆ ಪಡೆದರು, ಯಾರಿಗೆ ಇಲ್ಲವೆನ್ನಲಾಯಿತು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಹೊಸ ಪರವಾನಗಿಗೆ ಹಣ ಮಂಜೂರು ಮಾಡುವ ಮುನ್ನ ಒಂದು ತಿಂಗಳ ನಿರಾಕರಣೆಗಳನ್ನು ಅದರಿಂದ ಎಣಿಸಿ, ಎರ್ಲಾಂಗನ ಸೂತ್ರದ ಪಕ್ಕದಲ್ಲಿಟ್ಟು ನೋಡಬಹುದು.