ಹಿತ್ತಲ ಸಾಕಣೆಯಲ್ಲಿ ‘ಸ್ವರ್ಣಧಾರ’ ಕೋಳಿ: ಕಾವಿನ ಪ್ರಶ್ನೆ

ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ‘ಗಿರಿರಾಜ’ದ ನಂತರ, ಮೊಟ್ಟೆಯ ಇಳುವರಿಯನ್ನು ಹೆಚ್ಚಿಸುವ ಉದ್ದೇಶದಿಂದ 2005ರಲ್ಲಿ ಬಿಡುಗಡೆಯಾದ ಮಿಶ್ರತಳಿ ‘ಸ್ವರ್ಣಧಾರ’. ನಾಟಿ ಕೋಳಿ ವರ್ಷಕ್ಕೆ ಸುಮಾರು 50-60 ಮೊಟ್ಟೆಗಳನ್ನಿಟ್ಟರೆ ಇದು 180-190 ಮೊಟ್ಟೆಗಳನ್ನಿಡಬಲ್ಲದು. ಬಣ್ಣದ ಗರಿಗಳಿಂದಾಗಿ ನೋಟಕ್ಕೂ ನಾಟಿ ಕೋಳಿಯನ್ನೇ ಹೋಲುತ್ತದೆ.

ಈ ಲೆಕ್ಕದಾಚೆಗೆ ಗಮನಿಸಬೇಕಾದ ಅಂಶವೊಂದಿದೆ. ನಾಟಿ ಹೇಂಟೆಯು ಹತ್ತಾರು ಮೊಟ್ಟೆಗಳನ್ನಿಟ್ಟು ಕಾವಿಗೆ ಕೂರುತ್ತದೆ. 21 ದಿನಗಳಲ್ಲಿ ಮರಿಯೊಡೆಸಿ, ಹದ್ದು-ಕಾಗೆಗಳಿಂದ ಅವುಗಳನ್ನು ಕಾಯುತ್ತದೆ. ಅಷ್ಟು ಕಾಲವೂ ಮೊಟ್ಟೆಯಿಲ್ಲ. ಮೊಟ್ಟೆ ಹೆಚ್ಚಬೇಕಾದರೆ ಕಾವಿನ ಗುಣ ಕುಗ್ಗಲೇಬೇಕು. ಮಿಶ್ರತಳಿಯಲ್ಲಿ ಆಗಿರುವುದೂ ಅದೇ. ಇಳುವರಿಗಾಗಿ ತೆತ್ತದ್ದು ತಾಯ್ತನವನ್ನು. ನಾಟಿ ಹೇಂಟೆಯ ಕೆಳಗೆ ಇದರ ಮೊಟ್ಟೆಗಳನ್ನಿಟ್ಟು ಮರಿ ಮಾಡಿಸುವ ಜಾಣ್ಮೆ ಗ್ರಾಮೀಣ ಮಹಿಳೆಯರಿಗೆ ಹೊಸತೇನಲ್ಲ. ಆದರೆ ಆ ಎರಡನೆಯ ಪೀಳಿಗೆಯಲ್ಲಿ ಗುಣಗಳು ಚದುರಿ ಇಳುವರಿ ಕುಸಿಯುತ್ತದೆ. ಹೀಗಾಗಿ, ಒಂದೇ ಹೇಂಟೆಯಿಂದ ಹಿಂಡು ಕಟ್ಟುತ್ತಿದ್ದ ಮನೆಯು ಪ್ರತಿ ಸಲವೂ ಮರಿಗಳಿಗಾಗಿ ಮರಿ ಉತ್ಪಾದನಾ ಕೇಂದ್ರವನ್ನೇ ಆಶ್ರಯಿಸಬೇಕಾಗಿದೆ.

ತಾಯಿಯಿಲ್ಲದ ಈ ಮರಿಗಳಿಗೆ ಮೊದಲ ವಾರಗಳಲ್ಲಿ ಬಲ್ಬಿನ ಕಾವು, ಮೊದಲ ವಾರದಲ್ಲಿಯೇ ಕೊಕ್ಕರೆ ರೋಗದ ಲಸಿಕೆ ಅಗತ್ಯ. ವಿದ್ಯುತ್ ಕೈಕೊಟ್ಟ ಒಂದು ಚಳಿರಾತ್ರಿ ಇಡೀ ತಂಡವನ್ನೇ ಕಳೆಯಬಹುದು. ನಾಟಿ ಹೇಂಟೆಗಳನ್ನು ಪೂರ್ತಿ ಮಾರಿಬಿಡದೆ ಒಂದೆರಡನ್ನಾದರೂ ಉಳಿಸಿಕೊಂಡ ಮನೆಗಳಲ್ಲಿ, ಕೊಂಡು ತಂದ ಒಂದು ದಿನದ ಮರಿಗಳನ್ನು ಕತ್ತಲಾದ ಮೇಲೆ ಕಾವಿಗೆ ಕೂತ ಹೇಂಟೆಯ ರೆಕ್ಕೆಯಡಿ ಮೆಲ್ಲನೆ ಸೇರಿಸುವುದುಂಟು.